ವಯಸ್ಸಾದಂತೆ ಗಂಡಸರ ಬಲ ಹೆಚ್ಚುತ್ತದೆಯೇ?

ಜಿಮ್‌ಗೆ ಹೋಗುವವನ ಕೈಗಿಂತ ಅಬ್ಬಾರ ಕೈ ಗಟ್ಟಿ ಎಂಬ ಮಾತು ನಮ್ಮ ತರಗತಿಯ ಹುಡುಗರಲ್ಲಿದೆ. ನಮ್ಮ ಮನೆಯ ಮಟ್ಟಿಗೆ ಅದು ನಿಜವೇ. ಐವತ್ತರ ಹತ್ತಿರ ಬಂದಿರುವ ನನ್ನ ಅಬ್ಬಾ 50 ಕೆ.ಜಿ. ಅಕ್ಕಿ ಮೂಟೆಯನ್ನು ಹೆಗಲಿಗೇರಿಸಿ ನಡೆದುಬಿಡುತ್ತಾರೆ. ಹದಿನೇಳರ ನಾನು ಅದನ್ನು ನೆಲದಿಂದ ಎತ್ತುವಷ್ಟರಲ್ಲೇ ಸುಸ್ತು. ಹಾಗಾದರೆ ವಯಸ್ಸಿನ ಜೊತೆ ಬಲವೂ ಏರುತ್ತಲೇ ಹೋಗುತ್ತದೆಯೇ?

ಸ್ವಲ್ಪ ಕಾಲ ಏರುತ್ತದೆ. ಎತ್ತರ ಬೆಳೆಯುವುದು ನಿಂತ ಮೇಲೂ ಬಲ ಬೆಳೆಯುತ್ತದೆ. ಬ್ರಿಟನ್ನಿನ ಸಾವಿರಾರು ಜನರ ಕೈಹಿಡಿತದ ಅಳತೆಗಳನ್ನು ಸೇರಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಂಡಸರ ಹಿಡಿತ ಅತಿ ಹೆಚ್ಚಿದ್ದದ್ದು 29ರಿಂದ 39ರ ವಯಸ್ಸಿನಲ್ಲಿ, ಸುಮಾರು 51 ಕೆ.ಜಿ. ಆಮೇಲೆ ಅದು ನಿಧಾನವಾಗಿ ಇಳಿಯುತ್ತದೆ, ಅರವತ್ತರ ನಂತರ ಬೇಗ ಬೇಗ. ಪಿಯುಸಿ ಹುಡುಗರು ಈಗಲೇ ಕನ್ನಡಿ ನೋಡಿ ಬೇಸರಪಡಬೇಕಾಗಿಲ್ಲ!

ಲೆಕ್ಕದ ಪ್ರಕಾರ ಅಬ್ಬಾ ಇಳಿಜಾರಿನಲ್ಲಿದ್ದಾರೆ. ಆದರೂ ಮೂಟೆ ಏಳುತ್ತದಲ್ಲ? ಬಲ ಇರುವುದು ಸ್ನಾಯುವಿನ ಗಾತ್ರದಲ್ಲಿ ಮಾತ್ರವಲ್ಲ. ಒಂದೊಂದು ನರವೂ ಹಲವು ಸ್ನಾಯುತಂತುಗಳಿಗೆ ಆಜ್ಞೆ ಕೊಡುತ್ತದೆ. ಅಭ್ಯಾಸವಿರುವ ದೇಹ ಹೆಚ್ಚು ತಂತುಗಳನ್ನು ಒಟ್ಟಿಗೆ ಕೆಲಸಕ್ಕೆ ಎಳೆಯುತ್ತದೆ, ಅಡ್ಡಬರುವ ಸ್ನಾಯುಗಳನ್ನು ಸಡಿಲ ಬಿಡುತ್ತದೆ. ಜಿಮ್‌ಗೆ ಸೇರಿದವರಿಗೆ ಮೊದಲ ಕೆಲವು ವಾರಗಳಲ್ಲಿ ತೋಳು ದಪ್ಪವಾಗುವ ಮೊದಲೇ ಭಾರ ಹಗುರವೆನಿಸುವುದು ಇದರಿಂದಲೇ. ಅಬ್ಬಾ ಈ ಅಭ್ಯಾಸವನ್ನು ಮೂವತ್ತು ವರ್ಷ ಮಾಡಿದ್ದಾರೆ, ಅದೂ ಫೀಸು ಕಟ್ಟದೆ.

ಎಲ್ಲ ಬಲವೂ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಕೆಂಪು ತಂತು, ಬಿಳಿ ತಂತು ಎಂದು ಓದಿದ್ದೇವೆ. ವಯಸ್ಸಾದಂತೆ ಹೆಚ್ಚು ಸೊರಗುವುದು ಥಟ್ಟನೆ ಬಲ ಹಾಕುವ ಬಿಳಿ ತಂತುಗಳು. ಕೆಂಪು ತಂತುಗಳು ಹೆಚ್ಚು ಕಾಲ ತಾಳುತ್ತವೆ. ಉಸೇನ್ ಬೋಲ್ಟ್ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದಾಗ ಅವರಿಗೆ 22 ವರ್ಷ. ಎಲಿಯುಡ್ ಕಿಪ್ಚೋಗೆ 2022ರಲ್ಲಿ ಬರ್ಲಿನ್ ಮ್ಯಾರಥಾನಿನಲ್ಲಿ ವಿಶ್ವದಾಖಲೆ ಬರೆದಾಗ 37. ಮುಪ್ಪಿನಲ್ಲಿ ಮುಗ್ಗರಿಸಿದಾಗ ದೇಹವನ್ನು ಸಾವರಿಸಿಕೊಳ್ಳಲು ಬೇಕಾದದ್ದೂ ಆ ಥಟ್ಟನೆಯ ಬಲವೇ. ಹಾಗಾಗಿ ಹಿರಿಯರು ಬೀಳುವುದನ್ನು ಬರೀ ಅಜಾಗರೂಕತೆ ಎನ್ನಲಾಗದು.

ಸ್ನಾಯುವಿನ ಈ ಸವಕಳಿಗೆ 1989ರಲ್ಲಿ ಇರ್ವಿನ್ ರೋಸೆನ್‌ಬರ್ಗ್ 'ಸಾರ್ಕೋಪೀನಿಯಾ' ಎಂದು ಹೆಸರಿಟ್ಟರು. ನಮ್ಮ ಮನೆಗಳಲ್ಲಿ ಅದಕ್ಕೆ ನಾವೇ ನೆರವಾಗುತ್ತೇವೆ ಎಂಬುದು ನನ್ನ ಅಭಿಪ್ರಾಯ. ಅರವತ್ತು ದಾಟಿದವರನ್ನು "ನೀವು ಕೂತಿರಿ, ನಾವು ತರುತ್ತೇವೆ" ಎಂದು ಕೂರಿಸುವುದನ್ನೇ ಮರ್ಯಾದೆ ಎಂದುಕೊಂಡಿದ್ದೇವೆ. ಕೂತ ಸ್ನಾಯು ಕರಗುತ್ತದೆ. ನಮ್ಮ ದಾದಾ ಜ್ವರದಲ್ಲಿ ಎರಡು ವಾರ ಮಲಗಿ ಎದ್ದಮೇಲೆ ಕೈ ಊರದೆ ಕುರ್ಚಿಯಿಂದ ಏಳಲಾರದಾದರು.

ಕರಗಿದ್ದು ಮರಳಬಹುದೇ? 1990ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ, ವೃದ್ಧರ ಆರೈಕೆ ಕೇಂದ್ರವೊಂದರ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ, ವೈದ್ಯರ ನಿಗಾದಲ್ಲಿ, ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಗಂಡಸರೂ ಇದ್ದರು, ಹೆಂಗಸರೂ ಇದ್ದರು. ಕೊನೆಯವರೆಗೆ ಉಳಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ಇಬ್ಬರು ಊರುಗೋಲನ್ನೇ ಬದಿಗಿಟ್ಟರು.

ಡಾಕ್ಟರನ್ನು ಕೇಳಿಕೊಂಡೇ ದಾದಾ ಈಗ ದಿನಕ್ಕೆರಡು ಬಾರಿ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುತ್ತಾರೆ, ನೀರು ಬೇಕಾದರೆ ತಾವೇ ಅಡುಗೆಮನೆಗೆ ನಡೆಯುತ್ತಾರೆ. ಅಮ್ಮಿಗೆ ಮಾತ್ರ ಇದು ಇನ್ನೂ ಹಿಡಿಸಿಲ್ಲ.