ಆರಿದ್ರಾ ಮಳೆಗೆ ಯಾವ ದಾರಿ?

ಜೂನ್ ಬಂತೆಂದರೆ ಶುಕ್ರವಾರ ಸಂಜೆ ನನ್ನ ಫೋನಿಗೆ ಬಿಡುವಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು, ಮಂಗಳೂರಿನ ಒಬ್ಬ ದಂತವೈದ್ಯೆ, ಹಾಸನದ ಕಾಲೇಜು ಮೇಷ್ಟ್ರು, ಎಲ್ಲರದೂ ಒಂದೇ ಪ್ರಶ್ನೆ: "ಸರ್, ಸಕಲೇಶಪುರದಲ್ಲಿ ಮಳೆ ಹೇಗಿದೆ? ಸೈಕಲ್ ತರಬಹುದಾ?" ಸಕಲೇಶಪುರದಲ್ಲಿ ಆರಿದ್ರಾ ಮಳೆ ಹೇಗಿರುತ್ತದೆ ಎಂದು ಕೇಳುವುದೇ ತಮಾಷೆ. ಸುರಿಯುತ್ತಿರುತ್ತದೆ, ಮತ್ತೇನು! "ಸೈಕಲ್ ಯಾವ ದಾರಿಗೆ ಇಳಿಸ್ತೀರಿ?" ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ. ಅಲ್ಲಿಗೆ ಅರ್ಧ ಜನ ಸುಮ್ಮನಾಗುತ್ತಾರೆ.

ನಾನು ಲೋಕೋಪಯೋಗಿ ಇಲಾಖೆಗೆ ಜೂನಿಯರ್ ಇಂಜಿನಿಯರಾಗಿ ಸೇರಿ, ಮಲೆನಾಡಿನ ರಸ್ತೆ, ಮೋರಿ, ತಡೆಗೋಡೆಗಳ ಲೆಕ್ಕದಲ್ಲೇ ನಿವೃತ್ತನಾದವನು. ವ್ಯಾಂಕೂವರಿಗೆ ಕೆಲಸಕ್ಕೆ ಹೋದ ಮಗ ತನ್ನ ಮೌಂಟನ್ ಬೈಕನ್ನು ಅಟ್ಟದ ಮೇಲೆ ಬಿಟ್ಟುಹೋಗಿದ್ದ. ದಪ್ಪ ಟೈರು, ಮುಂದೆ ಶಾಕ್ ಅಬ್ಸಾರ್ಬರ್, ಡಿಸ್ಕ್ ಬ್ರೇಕು ಇರುವ ಗುಡ್ಡದ ಸೈಕಲ್ಲು. ಮೊಣಕಾಲಿಗೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದಕ್ಕೆ ಕೆಳಗಿಳಿಸಿದೆ. ಅದು ಚಟವಾಗಿ ಕೂತಿದೆ. ಹೀಗಾಗಿ ನನ್ನ ಮಾತಿನಲ್ಲಿ ಸೈಕಲ್ ಸವಾರನಿಗಿಂತ ಚರಂಡಿ ನೋಡುವವನ ಕಣ್ಣೇ ಹೆಚ್ಚು. ರಸ್ತೆ ಕೆಡುವುದು ಲಾರಿ ಓಡಿದ್ದಕ್ಕಿಂತ ಒಳಗೆ ಇಳಿದು ನಿಂತ ನೀರಿನಿಂದ. ತೋಟದ ಕಾಲುದಾರಿಗೂ ಇದೇ ಮಾತು ಸಲ್ಲುತ್ತದೆ.

ಒಣಗಿದ ಗಟ್ಟಿ ಮಣ್ಣಿನ ಮೇಲೆ ಸೈಕಲ್ ಹೋದರೆ ಗುರುತೂ ಉಳಿಯುವುದಿಲ್ಲ. ನೀರು ಕುಡಿದು ಮೆತ್ತಗಾದ ಇಳಿಜಾರಿನಲ್ಲಿ ಹಿಂದಿನ ಬ್ರೇಕು ಹಿಡಿದು ಜಾರಿಕೊಂಡು ಹೋದರೆ ಮಾತ್ರ ಎರಡೂವರೆ ಇಂಚು ಅಗಲದ ಗೀರು ಬೀಳುತ್ತದೆ. ಅಡ್ಡಲಾಗಿ ಹರಿದು ಪಕ್ಕದ ಗಿಡದ ಬುಡ ಸೇರಬೇಕಾದ ನೀರು ಆ ಗೀರು ಹಿಡಿದು ಕೆಳಗೋಡುತ್ತದೆ. ಓಡುವ ನೀರು ಮಣ್ಣು ಹೊತ್ತೊಯ್ಯುತ್ತದೆ, ಗೀರು ಕಾಲುವೆಯಾಗುತ್ತದೆ. ಆರಿದ್ರಾದಲ್ಲಿ ಬಿದ್ದ ಗುರುತು ಆಶ್ಲೇಷಾ ಹೊತ್ತಿಗೆ ಕಾಲು ಹೂತುಹೋಗುವಷ್ಟು ಆಳವಾಗುವುದುಂಟು. ಆ ದಾರಿಯಲ್ಲಿ ಬೆಳಿಗ್ಗೆ ಕೆಲಸಕ್ಕೆ ನಡೆಯುವವರು ತೋಟದ ಆಳುಗಳು, ಸಂಜೆ ಬಸ್ಸಿಳಿದು ಮನೆ ಸೇರುವವರು ಶಾಲೆ ಮಕ್ಕಳು. ವಾರಕ್ಕೊಮ್ಮೆ ಬರುವ ನಮ್ಮ ಮಜಕ್ಕೆ ಅವರು ಬೀಳಬೇಕೆ? ಕೆಸರಿನ ಗುಂಡಿ ಕಂಡೊಡನೆ ಪಕ್ಕಕ್ಕೆ ತಿರುಗಿಸಿ, ಮೂರಡಿ ದಾರಿಯನ್ನು ಹತ್ತಡಿ ಮಾಡಿ, ನಡುವೆ ಕಾಫಿ ಸಸಿ ಮುರಿದುಹೋಗುವವರನ್ನು ಕಂಡರೆ ನನಗೆ ಇನ್ನೂ ಸಿಟ್ಟು. ಗುಂಡಿ ಇದ್ದರೆ ನಡುವೆಯೇ ಹೋಗಿ, ಪ್ಯಾಂಟು ಒಗೆದರಾಯಿತು. ಗುಂಡಿಗಳೇ ಹೆಚ್ಚಿದ್ದರೆ ಆ ದಾರಿ ಅವತ್ತಿಗೆ ಬೇಡ.

ದಾರಿ ಆರಿಸುವ ಕೆಲಸ ಭೂಪಟದಿಂದಲೇ ಶುರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ. ಅರಸೀಕೆರೆ ಕಡೆ ಅದರ ಹತ್ತರಲ್ಲೊಂದು ಪಾಲಿನ ಆಸುಪಾಸು. ಸಕಲೇಶಪುರದಿಂದ ಅರಸೀಕೆರೆಗೆ ಸುಮಾರು 80 ಕಿ.ಮೀ. ಅಷ್ಟೇ. ಘಟ್ಟದ ನೆತ್ತಿಗೆ ಬಡಿದ ಮೋಡ ನೀರು ಸುರಿಸಿ ಹಗುರಾಗಿ ಪೂರ್ವಕ್ಕೆ ಬರುತ್ತದೆ. ಇಲ್ಲಿ ಧಾರಾಕಾರ ಸುರಿಯುವ ದಿನ ಅಲ್ಲಿ ಬರೀ ಗಾಳಿ, ಆಗೊಂದು ಈಗೊಂದು ತುಂತುರು. ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಾನು ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿಕೊಂಡು ಅತ್ತ ಹೋಗಿಬಿಡುತ್ತೇನೆ. ಬೆಂಗಳೂರಿನವರಿಗಂತೂ ಲೆಕ್ಕ ಇನ್ನೂ ಸುಲಭ. ಅವರ ಊರಿನಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಜೂನ್–ಜುಲೈನಲ್ಲಿ ಅಲ್ಲಿನ ಕೆಂಪುಮಣ್ಣು, ಬಂಡೆಗಳ ದಾರಿ ಸವಾರಿಗೆ ಹದವಾಗಿರುತ್ತದೆ. ಅದನ್ನು ಬಿಟ್ಟು ಇನ್ನೂರು ಕಿ.ಮೀ. ದಾಟಿ ನಮ್ಮ ಕೆಸರಿಗೆ ಬರುತ್ತಾರೆ!

ಪೂರ್ವಕ್ಕೆ ಹೋಗುವಾಗ ಒಂದು ಎಚ್ಚರ ಬೇಕು, ಎರೆಮಣ್ಣು. ಹಿರಿಯೂರು ದಾಟಿ ಉತ್ತರಕ್ಕೆ ಹೋದಂತೆ ಅಲ್ಲಲ್ಲಿ ಕಪ್ಪು ಹೊಲ ಸಿಗುತ್ತದೆ. ಈ ಮಣ್ಣಿನ ಜೇಡಿ ನೀರು ಹೀರಿ ಉಬ್ಬುವ ಜಾತಿ. ಬೇಸಿಗೆಯಲ್ಲಿ ಬಿರುಕು ಬಿಟ್ಟ ನೆಲ, ಮಳೆಯಲ್ಲಿ ಅಂಟು. ಒಣಗೈಯಲ್ಲಿ ರಾಗಿಮುದ್ದೆ ಮುಟ್ಟಿದ ಹಾಗೆ ಒಂದು ಪದರ ಹತ್ತಿದರೆ ಅದರ ಮೇಲೆ ಇನ್ನೊಂದು ಹತ್ತುತ್ತಲೇ ಹೋಗುತ್ತದೆ. ಫೋರ್ಕಿಗೂ ಟೈರಿಗೂ ನಡುವಿನ ಸಂದಿ ತುಂಬಿ ಚಕ್ರವೇ ನಿಲ್ಲುತ್ತದೆ, ಗೇರು ಬದಲಿಸುವ ಡಿರೇಲರ್ ಮುರಿದರೂ ಮುರಿಯಬಹುದು. ಹದಿನೈದು ನಿಮಿಷದ ಜಡಿಮಳೆ ಸಾಕು, ಆಮೇಲೆ ಸೈಕಲ್ಲೇ ನಿಮ್ಮ ಹೆಗಲೇರುತ್ತದೆ. ಎರೆಮಣ್ಣಿನ ದಾರಿಗೆ ಮೋಡ ಕಂಡರೂ ನಾನು ಇಳಿಯುವುದಿಲ್ಲ.

ಅದರ ತದ್ವಿರುದ್ಧ ಗರಸು ಮಣ್ಣು, ಮರಳು ಬೆರೆತ ಕೆಂಪುಮಣ್ಣು, ಕರಾವಳಿಯ ಮುರಕಲ್ಲಿನ ನೆಲ. ಮುರಕಲ್ಲು ತೂತುತೂತು, ನೀರು ಸರ್ರನೆ ಇಳಿದುಹೋಗುತ್ತದೆ. ಮಂಗಳೂರು, ಉಡುಪಿ ಕಡೆಯ ಬಯಲು ಪದವುಗಳಲ್ಲಿ ದೊಡ್ಡ ಮಳೆ ನಿಂತ ಸ್ವಲ್ಪ ಹೊತ್ತಿಗೇ ಸೈಕಲ್ ಓಡಿಸಬಹುದು. ಅದೇ ಮುರಕಲ್ಲು ಮರದ ನೆರಳಿಗೆ ಸಿಕ್ಕರೆ ಹಾವಸೆ ಕಟ್ಟುತ್ತದೆ. ಮಳೆಗಾಲದಲ್ಲಿ ಅಂಗಳದಲ್ಲಿ ಜಾರಿ ಸೊಂಟ ಮುರಿದುಕೊಂಡವರು ಕರಾವಳಿಯ ಪ್ರತಿ ಊರಲ್ಲೂ ಇದ್ದಾರೆ. ಬಯಲುಸೀಮೆಯ ಹೆಬ್ಬಂಡೆಗೂ ಇದೇ ನಿಯಮ. ಬಿಸಿಲು ಬೀಳುವ ಉರುಟು ಬಂಡೆ ಒದ್ದೆಯಾದರೂ ಟೈರನ್ನು ಹಿಡಿದುಕೊಳ್ಳುತ್ತದೆ. ಕಪ್ಪು ಪಟ್ಟೆ ಇಳಿದಿರುವ ಕಡೆ ನೀರು ದಿನಗಟ್ಟಲೆ ಜಿನುಗಿರುತ್ತದೆ, ಅಲ್ಲಿ ಇಳಿದು ನಡೆಯಿರಿ.

ನಮ್ಮ ಕಾಫಿ ಸೀಮೆಯ ಮಣ್ಣು ಇವೆರಡರ ನಡುವಿನದು, ಹಾಗಾಗಿ ಇಲ್ಲಿ ಪರೀಕ್ಷೆ ಬೇಕು. ನನ್ನದು ಇಲಾಖೆಯ ಪ್ರಯೋಗಾಲಯದಲ್ಲಿ ಕಲಿತದ್ದು. ಮಣ್ಣನ್ನು ಗಾಜಿನ ಮೇಲೆ ಹೊಸೆದು 3 ಮಿ.ಮೀ. ದಪ್ಪದ ಎಳೆ ಮಾಡುತ್ತಿದ್ದೆವು. ಎಳೆ ಆ ದಪ್ಪಕ್ಕೆ ಬರುವಾಗ ಪುಡಿಯಾಗತೊಡಗಿದರೆ ಅದರಲ್ಲಿರುವ ನೀರಿನ ಪ್ರಮಾಣವೇ ಆ ಮಣ್ಣಿನ ಒಂದು ಗಡಿ. ಅದಕ್ಕಿಂತ ಹೆಚ್ಚು ನೀರಿದ್ದರೆ ಮಣ್ಣು ಒತ್ತಿದಂತೆ ಒತ್ತಿಸಿಕೊಳ್ಳುತ್ತದೆ, ಕಡಿಮೆ ಇದ್ದರೆ ಗಟ್ಟಿ. ದಾರಿ ಶುರುವಾಗುವಲ್ಲಿ ಒಂದು ಚಿಟಿಕೆ ಮಣ್ಣು ತೆಗೆದು ಅಂಗೈಯಲ್ಲಿ ಹೊಸೆಯುತ್ತೇನೆ. ಒತ್ತುಶಾವಿಗೆಗಿಂತ ತುಸು ದಪ್ಪಗೆ, ಮುರಿಯದೆ ಎಳೆ ಬಂತೋ, ಸೈಕಲ್ ವಾಪಸ್ ಕಾರಿಗೆ. ಎಳೆ ಒಡೆದರೆ ಅಥವಾ ಮರಳಿನಂಶ ಹೆಚ್ಚಿದ್ದು ಹೊಸೆಯಲೇ ಬಾರದಿದ್ದರೆ ಮುಂದಕ್ಕೆ. ಕೈ ಕೊಳೆಯಾಗುವುದು ಬೇಡವೆನ್ನುವವರು ಹಿಮ್ಮಡಿ ಊರಿ ನೋಡಲಿ. ಕುಳಿಯಲ್ಲಿ ನೀರು ಒಸರಿದರೆ ಉತ್ತರ ಸಿಕ್ಕಿತಲ್ಲ.

ಎಷ್ಟು ಮಳೆ ಬಿದ್ದಿದೆ ಎನ್ನುವುದಕ್ಕೆ ತೋಟದವರಷ್ಟು ಕರಾರುವಾಕ್ಕಾಗಿ ಹೇಳುವವರಿಲ್ಲ. ಇಲ್ಲಿ ಮಳೆಯ ಲೆಕ್ಕ ಇಂದಿಗೂ ಇಂಚು, ಸೆಂಟುಗಳಲ್ಲಿ. ಇಂಚೆಂದರೆ 25.4 ಮಿ.ಮೀ., ಅದರ ನೂರರಲ್ಲೊಂದು ಪಾಲು ಸೆಂಟು. ತೋಟದ ರೈಟರು ಬೆಳಿಗ್ಗೆ ಮಳೆಮಾಪಕ ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. "ರೈಟರೇ, ರಾತ್ರಿ ಎಷ್ಟು?" ಎಂದರೆ "ಒಂದು ಇಂಚು ನಲವತ್ತು ಸೆಂಟು ಸಾರ್, ಮೊನ್ನೆಯಿಂದ ನಾಲ್ಕೂವರೆ. ಸೈಕಲ್ ತರಬೇಡಿ, ಕಾಫಿಗೆ ಬನ್ನಿ" ಎನ್ನುತ್ತಾರೆ. ಪರಿಚಯದ ತೋಟ ಇಲ್ಲದವರಿಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಹಿತಿ ಇದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಅದರ ಮಳೆಮಾಪಕಗಳಿವೆ. ನೋಡಬೇಕಾದದ್ದು ಇವತ್ತಿನ ಮುನ್ಸೂಚನೆಗಿಂತ ಹಿಂದಿನ ಮೂರು ದಿನಗಳ ಅಂಕಿ. ಮಳೆ ಹೊಳವಾಗಿ ಬಿಸಿಲು ಬಿತ್ತೆಂದ ಮಾತ್ರಕ್ಕೆ ನೆಲ ಒಣಗುವುದಿಲ್ಲ. ಸಿಲ್ವರ್ ಓಕ್ ನೆರಳಿನಲ್ಲಿ ಒಣಗುವುದು ಇನ್ನೂ ನಿಧಾನ, ಸಾಲದ್ದಕ್ಕೆ ಅದರ ಒದ್ದೆ ಎಲೆ ಟೈರಿನ ಕೆಳಗೆ ಜಾರುತ್ತದೆ.

ಮಣ್ಣು ಒಂದೇ ಇದ್ದರೂ ಎರಡು ದಾರಿ ಒಂದೇ ತರ ಇರುವುದಿಲ್ಲ. ಹಳೆಯ ಗಾಡಿ ದಾರಿಗಳನ್ನು ನೋಡಿ: ಎತ್ತು ಎಳೆಯಬೇಕಿದ್ದರಿಂದ ಗುಡ್ಡವನ್ನು ಬಳಸಿ ಬಳಸಿ ಏರುತ್ತವೆ, ಅಲ್ಲಲ್ಲಿ ಅಡ್ಡ ಚರಂಡಿ ಇರುತ್ತದೆ. ಕಾಲುದಾರಿಗೆ ಅವಸರ, ನೆಟ್ಟಗೆ ಇಳಿಯುತ್ತದೆ. ಮಳೆಗಾಲಕ್ಕೆ ಗಾಡಿ ದಾರಿಯೇ ಸರಿ. ಸೈಕಲ್ ದಾರಿ ಕಟ್ಟುವವರಲ್ಲಿ ಒಂದು ನಿಯಮವಿದೆ: ದಾರಿಯ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧ ಮೀರಬಾರದು. ಗುಡ್ಡ ನೂರಕ್ಕೆ ನಲವತ್ತು ಇಳಿಯುತ್ತಿದ್ದರೆ ದಾರಿ ಇಪ್ಪತ್ತರ ಒಳಗಿರಬೇಕು. ಮೀರಿದರೆ ನೀರು ದಾರಿಯನ್ನು ಅಡ್ಡ ದಾಟುವ ಬದಲು ಅದರ ಉದ್ದಕ್ಕೇ ಹರಿಯುತ್ತದೆ. ಸರಾಸರಿ ಏರಿಳಿತ ನೂರಕ್ಕೆ ಹತ್ತು ಮೀರಬಾರದು, ದಾರಿ ಹೊರಬದಿಗೆ ತುಸು ವಾಲಿರಬೇಕು, ನಡುನಡುವೆ ಸಣ್ಣದೊಂದು ಏರು ಬಂದು ನೀರನ್ನು ಹೊರಗೆ ತಳ್ಳಬೇಕು ಎನ್ನುತ್ತಾರೆ ಅವರು. ನಾವು ಮಣ್ಣಿನ ರಸ್ತೆಗೆ ನೂರಕ್ಕೆ ಮೂರೋ ನಾಲ್ಕೋ ಕ್ಯಾಂಬರ್, ಅಂದರೆ ನಡುವಿನಿಂದ ಅಂಚಿಗೆ ಇಳಿಜಾರು, ಕೊಡುತ್ತಿದ್ದುದೂ ಇದೇ ಕಾರಣಕ್ಕೆ. ಇದನ್ನೆಲ್ಲ ಅಳೆಯಬೇಕಿಲ್ಲ. ಜೋರು ಮಳೆಯಲ್ಲಿ ಕೊಡೆ ಹಿಡಿದು ಒಮ್ಮೆ ಆ ದಾರಿ ನಡೆದು ಬನ್ನಿ. ನೀರು ಎಲ್ಲಿ ದಾಟುತ್ತದೆ, ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಕಣ್ಣಿಗೇ ಕಾಣುತ್ತದೆ.

ಮಳೆನಾಡಿನ ಬೇರೆ ಜನ ಇದಕ್ಕೆ ದುಡ್ಡು ಸುರಿದಿದ್ದಾರೆ. ವೇಲ್ಸಿನ ಕೋಯ್ಡ್ ಅ ಬ್ರೆನಿನ್ ಎಂಬ ಕಾಡಿನಲ್ಲಿ 1990ರ ದಶಕದಿಂದ ಸೈಕಲ್ಲಿಗೆಂದೇ ಕಲ್ಲು ಹಾಸಿ, ನಮ್ಮ ಕೆರೆ ಏರಿಗೆ ಪಿಚಿಂಗ್ ಮಾಡುವ ಹಾಗೆ ಜೋಡಿಸಿ ದಾರಿ ಮಾಡಿದರು. ವರ್ಷವಿಡೀ ಮಳೆ ಬಂದರೂ ಅಲ್ಲಿ ಸವಾರಿ ನಿಲ್ಲುವುದಿಲ್ಲ. ನನ್ನ ಮಗ ಸೈಕಲ್ ಹೊಡೆಯುವ ವ್ಯಾಂಕೂವರಿನ ನಾರ್ತ್ ಶೋರ್ ಬೆಟ್ಟಗಳಲ್ಲಿ ಕೆಸರಿನ ಮೇಲೆ ಮರದ ಏಣಿಯಂಥ ಸೇತುವೆ ಕಟ್ಟಿದರು, ಜಾರದಂತೆ ಕೋಳಿಗೂಡಿನ ತಂತಿಬಲೆ ಹೊಡೆದರು. ಅವನು ಕಳಿಸುವ ವಿಡಿಯೋ ನೋಡಿ ನಮ್ಮ ಹುಡುಗರು ಅಡಿಕೆ ಮರದ ಕಾಲುಸಂಕದ ಮೇಲೆ ಅದನ್ನೇ ಮಾಡಹೊರಟರೆ ನೇರ ಹಳ್ಳಕ್ಕೆ. ಕಾಲುಸಂಕ, ಬೇರು, ಬಿದ್ದ ದಿಮ್ಮಿ ಇವು ಒದ್ದೆಯಾದಾಗ ನಾನು ಇಳಿದು ನಡೆಯುತ್ತೇನೆ. ಹಳ್ಳ ಮೊಣಕಾಲು ಮುಟ್ಟಿದರೆ ನಡೆದೂ ದಾಟುವುದಿಲ್ಲ. ಇಲ್ಲಿ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಸುರಿದದ್ದು ಯಾವ ಹೊತ್ತಿಗೆ ಬಂದು ಸೇರುತ್ತದೋ ಯಾರಿಗೆ ಗೊತ್ತು.

ಕೆಲವು ದಾರಿಗಳನ್ನು ಮಳೆಗಾಲದಲ್ಲಿ ಪೂರ್ತಿ ಬಿಟ್ಟುಬಿಡಬೇಕು. ಬಿಸಿಲೆ ಕಡೆಯ ಮೀಸಲು ಅರಣ್ಯ, ಪುಷ್ಪಗಿರಿ ಅಭಯಾರಣ್ಯಗಳಿಗೆ ಅನುಮತಿ ಇಲ್ಲದೆ ನುಗ್ಗುವುದು ಯಾವ ಕಾಲದಲ್ಲೂ ಅಪರಾಧವೇ. ಸಕಲೇಶಪುರ, ಆಲೂರು ಕಡೆ ಕಾಡಾನೆಗಳು ತೋಟದೊಳಗೇ ಇರುತ್ತವೆ. ಸೈಕಲ್ಲಿಗೆ ಸದ್ದಿಲ್ಲ, ಮಳೆಯ ಗದ್ದಲದಲ್ಲಿ ಕೊಂಬೆ ಮುರಿಯುವುದೂ ಕೇಳಿಸುವುದಿಲ್ಲ. ತಿರುವಿನಲ್ಲಿ ಮುಖಾಮುಖಿಯಾದರೆ ಇಬ್ಬರಿಗೂ ಗಾಬರಿ. ಹಾಗಾಗಿ ತೋಟದವರನ್ನು ಕೇಳದೆ ಇಳಿಯುವುದಿಲ್ಲ, ಮುಂಜಾವ ಮುಸ್ಸಂಜೆಗಳಲ್ಲಿ ಇಳಿಯುವುದೇ ಇಲ್ಲ, ಗಂಟೆ ಬಾರಿಸುತ್ತ ಹೋಗುತ್ತೇನೆ. ಕಡಿದ ಗುಡ್ಡದ ಬುಡದ ದಾರಿಯೂ ಬೇಡ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಯಾರೂ ಮರೆತಿಲ್ಲ. ಮೇಲೆ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಂಪಗೆ ಒಸರುವ ಜಲ ಕಂಡರೆ ನಿಲ್ಲದೆ ಹಿಂದಿರುಗಬೇಕು. ಸಿಡಿಲಿನ ಭಯ ಆರಿದ್ರಾದಲ್ಲಿ ಅಷ್ಟಿಲ್ಲ. ಅದು ಏಪ್ರಿಲ್–ಮೇ ಮತ್ತು ಹಿಂಗಾರಿನ ಮಧ್ಯಾಹ್ನಗಳ ಮಾತು, ಆಗ ಬೋಳು ಹುಲ್ಲುಗುಡ್ಡ ಹತ್ತಬೇಡಿ. ಉಂಬಳದ ಬಗ್ಗೆ ಕೇಳಿದವರಿಗೆ ನನ್ನದು ಒಂದೇ ಉತ್ತರ: ಸುಣ್ಣ, ಹೊಗೆಸೊಪ್ಪು ಹಚ್ಚಿ, ಅಥವಾ ಸುಮ್ಮನೆ ಕಚ್ಚಿಸಿಕೊಳ್ಳಿ.

ಸೈಕಲ್ಲಿನ ತಯಾರಿ ಹೆಚ್ಚೇನಿಲ್ಲ. ಟೈರಿನ ಗುಬಟುಗಳು ಎತ್ತರವಾಗಿ, ದೂರದೂರ ಇದ್ದರೆ ಕೆಸರು ಉದುರುತ್ತದೆ. ಬೇಸಿಗೆಯಲ್ಲಿ 28 ಪಿಎಸ್‌ಐ ಗಾಳಿ ಇದ್ದರೆ ಈಗ ಎರಡು ಮೂರು ಇಳಿಸುತ್ತೇನೆ. ಕೆಸರುನೀರಿನ ಮರಳು ಬ್ರೇಕ್ ಪ್ಯಾಡನ್ನು ಉಜ್ಜಿ ತಿನ್ನುತ್ತದೆ, ಅದರಲ್ಲೂ ರೆಸಿನ್ ಪ್ಯಾಡ್ ಬೇಗ ಸವೆಯುತ್ತದೆ. ಮಳೆಗಾಲಕ್ಕೆ ಲೋಹದ ಪುಡಿ ಒತ್ತಿ ಮಾಡಿದ ಪ್ಯಾಡ್ ತಾಳಿಕೆ. ತೊಳೆಯುವಾಗ ಸರ್ವೀಸ್ ಸ್ಟೇಷನ್ನಿನ ಜೋರು ಪೈಪು ಹಿಡಿಸಬೇಡಿ, ಬೇರಿಂಗಿನೊಳಗೆ ನೀರು ನುಗ್ಗುತ್ತದೆ.

ಸ್ವಾತಿ ಮಳೆ ಮುಗಿಯುವಾಗ, ಅಂದರೆ ನವೆಂಬರ್ ಮೊದಲ ವಾರದ ಹೊತ್ತಿಗೆ, ನಮ್ಮ ದಾರಿಗಳು ತೆರೆಯುತ್ತವೆ. ಅದಕ್ಕೆ ಸ್ವಲ್ಪ ಮುಂಚೆ, ಮಣ್ಣಿನಲ್ಲಿ ಇನ್ನೂ ಹಸಿ ಇರುವಾಗಲೇ, ಚರಂಡಿ ಬಿಡಿಸಿ ಬಿದ್ದ ಕಾಲುವೆ ಮುಚ್ಚಬೇಕು. ಪೂರ್ತಿ ಒಣಗಿದ ಮೇಲೆ ಹಾಕಿದ ಮಣ್ಣು ಕೂರುವುದಿಲ್ಲ. ಮಳೆಗಾಲದಲ್ಲಿ "ಬರಬೇಡಿ" ಎಂದು ನಾನು ವಾಪಸ್ ಕಳಿಸಿದವರಿಗೆಲ್ಲ ಆಗ ನಾನೇ ಫೋನ್ ಮಾಡುತ್ತೇನೆ. ತೋಟದ ಯಜಮಾನರ ಒಪ್ಪಿಗೆ ಪಡೆದಾಗಿರುತ್ತದೆ, ಗುದ್ದಲಿ, ಬುಟ್ಟಿ ಇಲ್ಲೇ ಇವೆ. ಬರುವವರು ಸೈಕಲ್ ಮನೆಯಲ್ಲಿ ಬಿಟ್ಟು ಗಮ್‌ಬೂಟ್ ತಂದರೆ ಸಾಕು, ಮಧ್ಯಾಹ್ನ ಅಕ್ಕಿರೊಟ್ಟಿ ಊಟ ನನ್ನ ಲೆಕ್ಕ.