ಕಡಿಮೆ ಖರ್ಚಿನಲ್ಲಿ ಚಳಿಗಾಲಕ್ಕೆ ಮನೆಯ ಸಿದ್ಧತೆ



ಮುಂಗಾರಿ ಪೈರಿನ ರಾಶಿ ಮುಗಿದು, ಹಿಂಗಾರಿ ಜೋಳ ಮತ್ತು ಕಡಲೆಯ ಬಿತ್ತನೆಯಾದ ಮೇಲೆ ಬೀದರ, ಕಲಬುರಗಿ, ವಿಜಯಪುರ ಜಿಲ್ಲೆಗಳ ಒಕ್ಕಲುತನದ ಮನೆಗಳಲ್ಲಿ ಕೈಯಲ್ಲಿ ಹಣ ಉಳಿಯುವುದು ಕಡಿಮೆ. ಹೆಸರು, ಉದ್ದು, ಸೋಯಾ ಅವರೆ ಮಾರಿ ಬಂದ ಹಣ ಹಳೆಯ ಬಾಕಿಗೂ ಹಿಂಗಾರಿಯ ಬೀಜ ಗೊಬ್ಬರಕ್ಕೂ ಹೋಗಿರುತ್ತದೆ. ತೊಗರಿಯ ಹಣ ಕೈಸೇರುವುದು ಸಂಕ್ರಾಂತಿಯ ಸುಮಾರಿಗೆ. ಚಳಿ ಮಾತ್ರ ತೊಗರಿಯ ರಾಶಿಗಾಗಿ ಕಾಯುವುದಿಲ್ಲ. ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಈ ಭಾಗದಲ್ಲಿ ಕೆಲವು ರಾತ್ರಿ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುವುದುಂಟು. ಆಗ ಅವಸರದಲ್ಲಿ ಉದ್ರಿ ತಂದ ಹೊದಿಕೆಗೆ ಹೆಚ್ಚು ಬೆಲೆ ತೆರಬೇಕಾಗುತ್ತದೆ. ತರದಿದ್ದರೆ ಎಳೆಯ ಕೂಸು, ಮುದುಕರು, ಕರುಗಳು ಬೇನೆ ಬೀಳುತ್ತವೆ.

ಇದಕ್ಕೆ ಪರಿಹಾರ ಹೆಚ್ಚು ಹಣವಲ್ಲ, ಮುಂಚಿತ ಸಿದ್ಧತೆ. ಚಳಿಗಾಲದಲ್ಲಿ ಆಕಾಶ ನಿರ್ಮಲವಾಗಿದ್ದು ಗಾಳಿ ಒಣಗಿರುವುದರಿಂದ ಹಗಲಿನಲ್ಲಿ ನೆಲ ಹೀರಿದ ಶಾಖ ರಾತ್ರಿ ಬೇಗನೆ ಮೇಲಕ್ಕೆ ಹೋಗಿಬಿಡುತ್ತದೆ. ಅದರಂತೆ ನಮ್ಮ ಮೈಯ ಶಾಖವೂ ಗಾಳಿಗೆ, ತಂಪು ನೆಲಕ್ಕೆ, ಒದ್ದೆ ಬಟ್ಟೆಗೆ ಸೋರಿ ಹೋಗುತ್ತದೆ. ಮೈಯಲ್ಲಿ ಹುಟ್ಟುವ ಈ ಶಾಖವನ್ನು ಉಳಿಸಿಕೊಂಡರೆ ಹೊರಗಿನಿಂದ ಕೊಳ್ಳಬೇಕಾದುದು ಸ್ವಲ್ಪವೇ. ಆದ್ದರಿಂದ ಮೊದಲು ಗಾಳಿ, ನಂತರ ನೆಲ, ಅನಂತರ ಹೊದಿಕೆ ಎಂಬ ಕ್ರಮದಲ್ಲಿ ಕೆಲಸ ಮಾಡಿರಿ. ದೀಪಾವಳಿಯ ಮುಂಚೆ ಆರಂಭಿಸಿದರೆ ಎಳ್ಳಮಾವಾಸ್ಯೆಯ ಹೊತ್ತಿಗೆ ಮನೆ ಸಿದ್ಧವಾಗಿರುತ್ತದೆ.

ಗಾಳಿಗೆ ತಡೆ

ಚಳಿಗಾಲದ ಗಾಳಿ ಹೆಚ್ಚಾಗಿ ಈಶಾನ್ಯ ಮತ್ತು ಪೂರ್ವ ದಿಕ್ಕಿನಿಂದ ಬೀಸುತ್ತದೆ. ಒಂದು ರಾತ್ರಿ ದೀಪ ಹಚ್ಚಿ ಬಾಗಿಲು, ಕಿಟಕಿಗಳ ಸಂದಿಯ ಬಳಿ ಹಿಡಿದು ನೋಡಿರಿ. ಜ್ವಾಲೆ ವಾಲುವಲ್ಲಿ ಗಾಳಿ ನುಗ್ಗುತ್ತಿದೆಯೆಂದು ತಿಳಿಯಬೇಕು. ಗೋಡೆಯ ಬಿರುಕುಗಳಿಗೆ ಮಣ್ಣು, ಸಗಣಿ ಮತ್ತು ಸಣ್ಣ ಹೊಟ್ಟು ಕಲಸಿ ಮೆತ್ತಿರಿ. ಬಾಗಿಲಿನ ಕೆಳಗಿನ ಸಂದಿಗೆ, ಹಳೆಯ ಬಟ್ಟೆಯ ಉದ್ದನೆಯ ಚೀಲ ಹೊಲಿದು ಮರಳು ಅಥವಾ ಹೊಟ್ಟು ತುಂಬಿ ಅಡ್ಡ ಇಟ್ಟರೆ ಸಾಕು.

ಮಣ್ಣಿನ ಮಾಳಿಗೆಯ ಮನೆಗಳು ಹಗಲಿನ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತವೆ. ತಗಡಿನ ಮನೆ ಹಾಗಲ್ಲ, ಸಂಜೆಯಾದೊಡನೆ ತಣ್ಣಗಾಗುತ್ತದೆ. ಅಂಥ ಮನೆಯಲ್ಲಿ ಗೊಬ್ಬರದ ಖಾಲಿ ಚೀಲಗಳನ್ನು ಚೆನ್ನಾಗಿ ತೊಳೆದು, ಒಣಗಿಸಿ, ಒಂದಕ್ಕೊಂದು ಹೊಲಿದು, ಮಲಗುವ ಜಾಗದ ಮೇಲೆ ತಗಡಿಗಿಂತ ಒಂದು ಅಡಿ ಕೆಳಗೆ ಕಟ್ಟಬಹುದು. ನಡುವೆ ನಿಲ್ಲುವ ಗಾಳಿಯೇ ತಂಪನ್ನು ತಡೆಯುತ್ತದೆ. ಒಲೆಯ ಹತ್ತಿರ ಇದನ್ನು ಕಟ್ಟಲೇಬಾರದು. ಕೀಟನಾಶಕ ಬಂದ ಚೀಲಗಳನ್ನು ಮನೆಯೊಳಗೆ ಯಾವ ಕೆಲಸಕ್ಕೂ ಬಳಸಬೇಡಿರಿ.

ಎಲ್ಲ ಸಂದಿ ಮುಚ್ಚಿದರೂ ಮಾಳಿಗೆಯ ಬೆಳಕಿಂಡಿಯನ್ನು ಅಥವಾ ಗೋಡೆಯ ಮೇಲ್ಭಾಗದ ಗವಾಕ್ಷಿಯನ್ನು ಮುಚ್ಚಬಾರದು. ಹೊಗೆ ಮತ್ತು ಕೆಟ್ಟ ಗಾಳಿ ಹೋಗಲು ಅದೊಂದೇ ದಾರಿ.

ನೆಲದ ತಂಪು

ಮೇಲೆ ಎರಡು ಹೊದಿಕೆ ಹೊದ್ದರೂ ಕೆಳಗೆ ತೆಳುವಾದ ಚಾಪೆ ಇದ್ದರೆ ಬೆನ್ನಿನ ಶಾಖವೆಲ್ಲ ನೆಲಕ್ಕೆ ಇಳಿಯುತ್ತದೆ. ಆದ್ದರಿಂದ ಇರುವ ಹೊದಿಕೆಗಳಲ್ಲಿ ಒಂದನ್ನು ಕೆಳಗೆ ಹಾಸುವುದು ಹಿತಕರ. ನೆಲದ ಮೇಲೆ ಮೊದಲು ಒಣಗಿದ ಗೋಣಿ ಚೀಲ, ಅದರ ಮೇಲೆ ಚಾಪೆ, ಅದರ ಮೇಲೆ ಹಳೆಯ ಕೌದಿ ಹಾಸಿರಿ. ಹಾಸಿಗೆಗಳನ್ನು ವಾರಕ್ಕೆರಡು ಸಲವಾದರೂ ನಡುಹಗಲಿನ ಬಿಸಿಲಿಗೆ ಹರಡಿರಿ. ಒಣಗಿದ ಹಾಸಿಗೆ ಹೆಚ್ಚು ಬೆಚ್ಚಗಿರುತ್ತದೆ, ತಿಗಣೆಯ ಕಾಟವೂ ತಗ್ಗುತ್ತದೆ.

ಹಳೆಯ ಸೀರೆಯಿಂದ ಕೌದಿ

ನಮ್ಮ ತಾಯಂದಿರು ಹೊಲಿಯುವ ಕೌದಿಗಿಂತ ಅಗ್ಗದ ಹೊದಿಕೆ ಇನ್ನೊಂದಿಲ್ಲ. ಪದರಗಳ ನಡುವೆ ಸಿಕ್ಕಿಕೊಳ್ಳುವ ಗಾಳಿಯೇ ಅದರ ಬಿಸುಪಿನ ಗುಟ್ಟು. ಆದುದರಿಂದ ಒಂದು ದಪ್ಪ ಬಟ್ಟೆಗಿಂತ ಹಲವು ತೆಳು ಪದರಗಳು ಮೇಲು.

ಸುಮಾರು 5 ಮೀಟರ್ ಉದ್ದದ ಹತ್ತಿ ಸೀರೆಯನ್ನು ನಡುವೆ ಕತ್ತರಿಸಿ, ಎರಡು ತುಂಡುಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿದರೆ ಇಬ್ಬರು ಹೊದೆಯುವಷ್ಟು ಅಗಲದ ಒಂದು ಪದರ ಸಿಗುತ್ತದೆ. ಇಂಥ 5 ಪದರಗಳಿಂದ, ಅಂದರೆ 5 ಹಳೆಯ ಸೀರೆಗಳಿಂದ, ಒಂದು ಒಳ್ಳೆಯ ಕೌದಿಯಾಗುತ್ತದೆ. ತೀರ ಜೀರ್ಣವಾದ ಬಟ್ಟೆಯನ್ನು ನಡುವಿನ ಪದರಗಳಿಗೂ ಗಟ್ಟಿಯಾದುದನ್ನು ಮೇಲೆ ಕೆಳಗಿನ ಪದರಗಳಿಗೂ ಹಾಕಿರಿ. ಸಾಲುಗಳ ನಡುವೆ ಒಂದು ಬೆರಳು ಅಂತರವಿಟ್ಟು ದಪ್ಪ ದಾರದಿಂದ ಹೊಲಿಯಬೇಕು. ದಾರವನ್ನು ಬಿಗಿಯಾಗಿ ಎಳೆದರೆ ಪದರಗಳು ಅಂಟಿಕೊಂಡು ಗಾಳಿಗೆ ಎಡೆಯಿರುವುದಿಲ್ಲ. ಪಾಲಿಯೆಸ್ಟರ್ ಸೀರೆಗಳು ಬಾಳಿಕೆ ಬಂದರೂ ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತವೆ. ಅಂಥವನ್ನು ಹಾಸಲು ಮಾತ್ರ ಬಳಸಿರಿ.

ಬಾಣಂತಿ, ಕೂಸು ಮತ್ತು ಹಿರಿಯರು

ಮನೆಯಲ್ಲಿ ಚಳಿಯನ್ನು ತಾಳಲಾರದವರು ಯಾರೆಂದು ಮೊದಲು ಗುರುತಿಸಿ, ಗಾಳಿ ತಾಗದ ಒಳಗೋಡೆಯ ಪಕ್ಕದ ಜಾಗವನ್ನು ಅವರಿಗೆ ಬಿಡಿರಿ. ಹುಟ್ಟಿದ ಕೂಸಿನ ಮೈಯಲ್ಲಿ ಶಾಖ ಬಹಳ ಬೇಗ ಇಳಿಯುತ್ತದೆ. ಹುಟ್ಟಿದ ಕೂಡಲೆ ಒಣಬಟ್ಟೆಯಿಂದ ಮೈಯೊರಸಿ, ತಾಯಿಯ ಎದೆಗೆ ಬರಿಮೈ ತಾಗುವಂತೆ ಮಲಗಿಸಿ, ಇಬ್ಬರ ಮೇಲೂ ಹೊದಿಕೆ ಹಾಕಬೇಕು. ತಲೆಗೆ ಟೋಪಿ, ಕಾಲಿಗೆ ಚೀಲ ಹಾಕಿರಿ. ಮೊದಲ 24 ಗಂಟೆ ಎರೆಯಬಾರದು. 2.5 ಕಿ.ಗ್ರಾಂ.ಗಿಂತ ಕಡಿಮೆ ತೂಕದ ಕೂಸನ್ನು ದಿನದ ಹೆಚ್ಚು ಹೊತ್ತು ಹೀಗೆ ಎದೆಗೆ ಅಪ್ಪಿಕೊಂಡಿರುವುದು ಅವಶ್ಯ; ತಂದೆ ಅಥವಾ ಅಜ್ಜಿಯೂ ಈ ಕೆಲಸ ಮಾಡಬಹುದು. ಕೂಸಿನ ಕೈಕಾಲಿನೊಂದಿಗೆ ಹೊಟ್ಟೆಯೂ ತಣ್ಣಗಾಗಿದ್ದರೆ, ಮೊಲೆ ಚೀಪುವುದನ್ನು ಬಿಟ್ಟರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಚಳಿಯಲ್ಲಿ ರಕ್ತದೊತ್ತಡ ಏರುವುದುಂಟು, ದಮ್ಮಿನ ಕಾಯಿಲೆಯೂ ಹೆಚ್ಚುವುದುಂಟು. ಹಿರಿಯರ ಗುಳಿಗೆಗಳು ತೀರುವ ಮುನ್ನವೇ ತಂದಿಡಿರಿ. ಅವರು ನಸುಕಿನಲ್ಲಿ ಬಯಲಿಗೆ ಹೋಗುವಾಗ ತಲೆ, ಕಿವಿ, ಎದೆ ಮುಚ್ಚಿಕೊಳ್ಳಬೇಕು.

ಶೇಗಡಿಯ ಕೆಂಡ: ಎಚ್ಚರ

ಬಾಣಂತಿಯ ಹೊರಸಿನ ಕೆಳಗೆ ಕೆಂಡವಿಡುವ, ರಾತ್ರಿ ಕೋಣೆಯಲ್ಲಿ ಶೇಗಡಿ ಇಟ್ಟುಕೊಂಡು ಬಾಗಿಲು ಮುಚ್ಚಿ ಮಲಗುವ ರೂಢಿ ಹಲವು ಮನೆಗಳಲ್ಲಿದೆ. ಇದು ಪ್ರಾಣಕ್ಕೇ ಅಪಾಯ. ಗಾಳಿ ಸಾಲದೆ ಉರಿಯುವ ಇದ್ದಲಿನಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದಿರುವುದರಿಂದ ಕೆಂಡ ನಿರಪಾಯವೆಂದು ಜನ ತಿಳಿಯುತ್ತಾರೆ. ಮಲಗಿದವರು ನಿದ್ದೆಯಲ್ಲೇ ಸಾಯಬಹುದು. ತಲೆನೋವು, ವಾಂತಿ, ತಲೆ ಸುತ್ತು, ಮಂಪರು ಇದರ ಲಕ್ಷಣಗಳು. ಹೀಗಾದರೆ ಬಾಗಿಲು ತೆರೆದು ಎಲ್ಲರನ್ನೂ ಬಯಲಿಗೆ ತಂದು 108ಕ್ಕೆ ಕರೆ ಮಾಡಿರಿ.

ಕೋಣೆ ಬೆಚ್ಚಗಾಗಬೇಕಾದರೆ ಬಾಗಿಲು ತೆರೆದಿಟ್ಟು ಸ್ವಲ್ಪ ಹೊತ್ತು ಕೆಂಡವಿರಿಸಿ, ಮಲಗುವ ಮುನ್ನ ಶೇಗಡಿಯನ್ನು ಹೊರಗೆ ಇಡಲೇಬೇಕು. ಇದಕ್ಕಿಂತ ಬಿಸಿನೀರು ತುಂಬಿದ ಬಾಟಲಿಯ ಬಿರಡೆ ಬಿಗಿಮಾಡಿ, ದಪ್ಪ ಬಟ್ಟೆ ಸುತ್ತಿ ಹಾಸಿಗೆಯಲ್ಲಿಟ್ಟು, ಹಾಸಿಗೆ ಬಿಸಿಯಾದ ಮೇಲೆ ತೆಗೆದು ಮಲಗುವುದು ಕ್ಷೇಮಕರ. ಬಾಟಲಿಯನ್ನು ಕೂಸಿನ ಮೈಗೆ ತಾಗಿಸಬಾರದು.

ಉರುವಲು ಮತ್ತು ಬಿಸಿನೀರು

ಅಡಿಗೆಗೆ ಗ್ಯಾಸ್ ಇದ್ದರೂ ಸ್ನಾನದ ನೀರು ಹಳ್ಳಿಗಳಲ್ಲಿ ಇಂದಿಗೂ ಹೆಚ್ಚಾಗಿ ಕಟ್ಟಿಗೆಯ ಒಲೆಯ ಮೇಲೆಯೇ ಕಾಯುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ಕಟ್ಟಿಗೆಯ ಶಾಖದ ಸುಮಾರು ಹತ್ತನೆಯ ಒಂದು ಪಾಲಷ್ಟೇ ಪಾತ್ರೆಗೆ ತಾಗುತ್ತದೆ. 20 ಲೀಟರ್ ನೀರು ಕಾಯಿಸಲು ಹೀಗೆ ಸುಮಾರು 1 ಕಿ.ಗ್ರಾಂ. ಒಣಕಟ್ಟಿಗೆ ಬೇಕಾಗುತ್ತದೆ. ಒಲೆಯ ಸುತ್ತ ಮಣ್ಣಿನ ಗೋಡೆ ಕಟ್ಟಿ, ಹಂಡೆಯನ್ನು ಅದರಲ್ಲಿ ಹುದುಗಿಸಿ, ಮುಚ್ಚಳ ಮುಚ್ಚಿ ಕಾಯಿಸಿದರೆ ಉರುವಲು ಉಳಿಯುತ್ತದೆ.

ಬಿಸಿಲಿಗೆ ಬೆಲೆಯಿಲ್ಲ. ಹೊರಭಾಗಕ್ಕೆ ಕಪ್ಪು ಬಳಿದ ಕೊಡದಲ್ಲಿ ನೀರು ತುಂಬಿ ಬೆಳಿಗ್ಗೆಯೇ ಬಿಸಿಲಿಗಿಟ್ಟರೆ ಮಧ್ಯಾಹ್ನಕ್ಕೆ ನೀರಿನ ತಂಪು ಮುರಿದಿರುತ್ತದೆ. ಮಕ್ಕಳಿಗೂ ಮುದುಕರಿಗೂ ನಸುಕಿನ ಬದಲು ನಡುಹಗಲಿನಲ್ಲಿ ಸ್ನಾನ ಮಾಡಿಸಿರಿ.

ಈ ವರ್ಷದ ತೊಗರಿ ಕಟ್ಟಿಗೆ ಬರುವುದು ಚಳಿ ಅರ್ಧ ಕಳೆದ ಮೇಲೆ. ಆದ್ದರಿಂದ ಕಳೆದ ವರ್ಷದ ಕಟ್ಟಿಗೆಯನ್ನು ಮಳೆಯಲ್ಲಿ ನೆನೆಯದಂತೆ ಕಾದಿಡಬೇಕು. ಹತ್ತಿ ಕಟ್ಟಿಗೆಯನ್ನು ಮಾತ್ರ ಒಟ್ಟಿಡಬೇಡಿರಿ. ಅದರಲ್ಲಿ ಉಳಿದ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕ ಅಡಗಿದ್ದು ಮುಂದಿನ ಬೆಳೆಗೆ ದಾಟುತ್ತದೆ. ಕಿತ್ತ ಕೂಡಲೆ ಅದನ್ನೇ ಮೊದಲು ಉರಿಸಿ ಮುಗಿಸಿರಿ. ಸಗಣಿಯನ್ನು ಕುಳ್ಳು ತಟ್ಟಿ ಉರಿಸುವುದಕ್ಕಿಂತ ತಿಪ್ಪೆಗುಂಡಿಗೆ ಸೇರಿಸಿದರೆ ಹೊಲಕ್ಕೆ ಲಾಭ.

ಚಳಿಗಾಲದ ಊಟ

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬೆಲ್ಲ, ಶೇಂಗಾ ಚಟ್ನಿ, ಗುರೆಳ್ಳು ಮತ್ತು ಅಗಸಿ ಚಟ್ನಿಪುಡಿ, ಇವು ನಮ್ಮ ಭಾಗದ ಚಳಿಗಾಲದ ಊಟ. ಇದು ಬರಿ ರೂಢಿಯಲ್ಲ. ಎಳ್ಳಿನ ತೂಕದ ಸುಮಾರು ಅರ್ಧದಷ್ಟು ಎಣ್ಣೆಯೇ ಇದೆ. ಸುಣ್ಣದ ಅಂಶವೂ ಬಹಳ. ಸಜ್ಜೆಯಲ್ಲಿ ಕೊಬ್ಬು ಮತ್ತು ಕಬ್ಬಿಣದ ಅಂಶಗಳು ಜೋಳಕ್ಕಿಂತ ಹೆಚ್ಚು. ಶೇಂಗಾದಲ್ಲಿ ಸೇಕಡಾ 25ರಷ್ಟು ಸಸಾರಜನಕವಿದೆ.

ಐದು ಜನರ ಮನೆಗೆ, ತಲೆಗೆ ದಿನಕ್ಕೆ 20 ಗ್ರಾಂ ಶೇಂಗಾ, 20 ಗ್ರಾಂ ಬೆಲ್ಲ, 10 ಗ್ರಾಂ ಎಳ್ಳಿನ ಲೆಕ್ಕದಲ್ಲಿ 60 ದಿನಗಳಿಗೆ 6 ಕಿ.ಗ್ರಾಂ. ಶೇಂಗಾ, 6 ಕಿ.ಗ್ರಾಂ. ಬೆಲ್ಲ, 3 ಕಿ.ಗ್ರಾಂ. ಎಳ್ಳು ಸಾಕಾಗುತ್ತದೆ. ರಾಶಿಯಾದಾಗ ಇಷ್ಟನ್ನು ಮನೆಗೆಂದು ತೆಗೆದಿಟ್ಟು ಉಳಿದುದನ್ನು ಪೇಟೆಗೆ ಒಯ್ಯಿರಿ. ಎಲ್ಲವನ್ನೂ ಮಾರಿ ಪುನಃ ಅಂಗಡಿಯಿಂದ ತರುವುದು ನಷ್ಟದ ಕೆಲಸ. ಸಜ್ಜೆ ಹಿಟ್ಟು ಬೇಗ ಕಹಿಯಾಗುವುದರಿಂದ ಒಂದು ವಾರಕ್ಕೆ ಆಗುವಷ್ಟನ್ನೇ ಬೀಸಿಸಿರಿ. ಹೊಲದಲ್ಲಿ ಸಿಗುವ ಕಡಲೆ ಪಲ್ಯ, ಮೆಂತೆ ಸೊಪ್ಪಿನ ಮೇಲೆ ನಿಂಬೆರಸ ಹಿಂಡಿಕೊಂಡರೆ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೆ ಚಹಾ ಕುಡಿಯುವುದು ಇದಕ್ಕೆ ಅಡ್ಡಿ.

ಕೊಟ್ಟಿಗೆಯನ್ನು ಮರೆಯದಿರಿ

ಕೊಟ್ಟಿಗೆಯ ಗಾಳಿ ಬೀಸುವ ಬದಿಗೆ ತೊಗರಿ ಕಟ್ಟಿಗೆಯ ತಟ್ಟಿ ಅಥವಾ ಗೋಣಿಯ ಪರದೆ ಕಟ್ಟಿರಿ. ಮೇಲೆ ಒಂದು ಅಡಿ ತೆರೆದಿರಲಿ, ಇಲ್ಲವಾದರೆ ಗಂಜಲದ ಘಾಟು ನಿಂತು ದನಗಳ ಶ್ವಾಸಕೋಶಕ್ಕೆ ತೊಂದರೆಯಾಗುತ್ತದೆ. ಕಣಿಕೆ ಮೇವಿಗೆ ಬೇಕಾದುದರಿಂದ, ದನಗಳು ಮೇದು ಬಿಟ್ಟ ದಂಟನ್ನೇ ಒಣಗಿಸಿ ಕರುಗಳಿಗೆ ಹಾಸಿರಿ. ಒದ್ದೆಯಾದುದನ್ನು ದಿನವೂ ತೆಗೆಯಬೇಕು. ಹುಟ್ಟಿದ ಕರುವಿಗೆ ಮೊದಲ ಎರಡು ಗಂಟೆಯೊಳಗೆ ಗಿಣ್ಣದ ಹಾಲು ಕುಡಿಸಿ, ಬೆನ್ನಿಗೆ ಗೋಣಿ ಚೀಲ ಕಟ್ಟಿರಿ. ಕೋಳಿಮರಿ ಸಾಕುವವರು ಮೊದಲ ವಾರ ಗೂಡಿನಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖವಿಟ್ಟು, ವಾರಕ್ಕೆ 3 ಡಿಗ್ರಿಯಂತೆ ತಗ್ಗಿಸಬೇಕು. ಮರಿಗಳು ಒಂದರ ಮೇಲೊಂದು ಒತ್ತಿಕೊಂಡರೆ ಶಾಖ ಸಾಲದು, ದೂರ ಸರಿದರೆ ಹೆಚ್ಚಾಯಿತೆಂದು ತಿಳಿಯಿರಿ.

ಹಣ ಎಲ್ಲಿ ಹಾಕಬೇಕು?

ಒಂದು ಕಾಗದದ ಮೇಲೆ ಮೂರು ಪಟ್ಟಿ ಬರೆಯಿರಿ. ಮನೆ ಮತ್ತು ಹೊಲದಲ್ಲಿ ಸಿಗುವುದು ಒಂದು, ಮೈಗೆಲಸದಿಂದ ಆಗುವುದು ಎರಡು, ದುಡ್ಡು ಕೊಟ್ಟೇ ತರಬೇಕಾದುದು ಮೂರು. ಮೂರನೆಯದು ಬಹಳ ಚಿಕ್ಕದಾಗಿರುವುದನ್ನು ನೀವೇ ಕಾಣುವಿರಿ. ಅದರಲ್ಲಿಯೂ ಈ ಕ್ರಮವನ್ನು ಅನುಸರಿಸಿರಿ: ಹಿರಿಯರ ಔಷಧಿ, ಕೂಸಿಗೂ ಮುದುಕರಿಗೂ ಉಣ್ಣೆಯ ಟೋಪಿ, ಕಾಲುಚೀಲ, ಕೌದಿಗೆ ಸೂಜಿ ದಾರ, ಪಂಪ್‌ಸೆಟ್ಟಿಗೆ ರಾತ್ರಿ ಪಾಳಿಯಲ್ಲಿ ಕರೆಂಟ್ ಬರುವ ಕಡೆ ನೀರು ಹಾಯಿಸುವವರಿಗೆ ರಬ್ಬರ್ ಬೂಟು, ಹಣ ಉಳಿದರೆ ದಖ್ಖನಿ ಕುರಿಯ ಉಣ್ಣೆಯ ಒಂದು ಕರಿ ಕಂಬಳಿ. ಒಳ್ಳೆಯ ಕಂಬಳಿ ಹಲವು ವರ್ಷ ಬಾಳುತ್ತದೆ. ಹೊಲ ಕಾಯುವವರಿಗೂ, ಮಳೆಗಾಲದಲ್ಲಿ ಹೊರಗೆ ಹೋಗುವವರಿಗೂ ಅದೇ ಆಸರೆ.

ಈ ಹಣವನ್ನು ಹೆಸರು ಅಥವಾ ಸೋಯಾ ಅವರೆ ಮಾರಿದ ದಿನವೇ ಬೇರೆ ತೆಗೆದು ಮನೆಯೊಡತಿಯ ಕೈಗೆ ಕೊಡುವುದು ಒಳ್ಳೆಯದು. ಊರಿನ ಸ್ವಸಹಾಯ ಸಂಘದ ಸದಸ್ಯರು ಕೂಡಿ ಕಂಬಳಿ, ದಾರಗಳನ್ನು ಒಟ್ಟಿಗೆ ಕೊಂಡರೆ ಬೆಲೆಯಲ್ಲಿ ಉಳಿತಾಯವಾದೀತು. ಹೆಚ್ಚಿನ ಸಲಹೆಗಾಗಿ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಕಾಣಿರಿ. ಕೂಸು ಮತ್ತು ಬಾಣಂತಿಯರ ವಿಷಯದಲ್ಲಿ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿರಿ. ಮೊದಲ ಕೆಲಸವಾಗಿ, ಇದೇ ವಾರದ ಒಂದು ರಾತ್ರಿ ದೀಪ ಹಿಡಿದು ಬಾಗಿಲ ಸಂದಿಗಳನ್ನು ಪರೀಕ್ಷಿಸಿರಿ.