ಮೈಸೂರಿನ ಮಕ್ಕಳ ಬೆನ್ನ ಮೇಲಿನ ಕೊಬ್ಬು

ಮೈಸೂರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ ಎಂದೇ ಉಳಿದಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುತ್ತಿದ್ದರು. ನಿತ್ಯದ ಕೆಲಸವೆಂದು ಯಾರೋ ಶ್ರದ್ಧೆಯಿಂದ ತುಂಬಿದ ಆ ಅಂಕಿಗಳ ಬೆನ್ನು ಹತ್ತಿ ಬಂದವರು ಇಂಗ್ಲೆಂಡಿನ ಕ್ಯಾರೊಲಿನ್ ಫಾಲ್ ಮತ್ತು ಅವರ ಜೊತೆಗಾರರು. ಮುಂದೆ 1997ರಲ್ಲಿ ಅದೇ ಆಸ್ಪತ್ರೆಯ ಗರ್ಭಿಣಿಯರಿಂದ ಹೊಸದೊಂದು ಅಧ್ಯಯನ ಶುರುವಾಯಿತು, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಅಳೆಯುತ್ತಾ ಹೋದರು. ಹೆಗಲ ಮೂಳೆಯ ಕೆಳಗಿನ ಚರ್ಮವನ್ನು ಮೆಲ್ಲಗೆ ಚಿವುಟಿ ಹಿಡಿದು, ಆ ಮಡಿಕೆಯ ದಪ್ಪವನ್ನು ಕ್ಯಾಲಿಪರ್‌ನಲ್ಲಿ ನೋಡುವುದೂ ಈ ಅಳತೆಗಳಲ್ಲಿ ಒಂದು. ಸಿಕ್ಕ ಫಲಿತಾಂಶ ಇಂದಿಗೂ ಬೆರಗು ಹುಟ್ಟಿಸುತ್ತದೆ. ಇಂಗ್ಲೆಂಡಿನ ಕೂಸುಗಳಿಗಿಂತ ನಮ್ಮವು ಎಲ್ಲ ಅಳತೆಯಲ್ಲೂ ಚಿಕ್ಕವು, ತೋಳಿನ ಮಾಂಸಖಂಡವಂತೂ ತೀರಾ ಕಡಿಮೆ. ಆದರೆ ಬೆನ್ನಿನ ಕೊಬ್ಬಿನಲ್ಲಿ ಅಷ್ಟೊಂದು ಕೊರತೆಯಿಲ್ಲ. ನಾಲ್ಕು ವರ್ಷ ತುಂಬುವಾಗ ಉಳಿದ ಅಳತೆಗಳಲ್ಲಿ ಹಿಂದೆಯೇ ಇದ್ದ ಮಕ್ಕಳು ಆ ಒಂದು ಮಡಿಕೆಯಲ್ಲಿ ಮಾತ್ರ ಇಂಗ್ಲೆಂಡಿನ ಮಕ್ಕಳನ್ನು ಮೀರಿಸಿದ್ದರು.

ಇದೇ ಮಾತನ್ನು ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಒಂದು ಫೋಟೊದಲ್ಲಿ ಹೇಳಿಬಿಟ್ಟರು. ಅವರೂ ಲಂಡನ್ನಿನ ಜಾನ್ ಯುಡ್ಕಿನ್ ಅವರೂ ಅಕ್ಕಪಕ್ಕ ನಿಂತ ಆ ಚಿತ್ರ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಎತ್ತರಕ್ಕೆ ತಕ್ಕ ತೂಕ ತಿಳಿಸುವ ಬಿಎಂಐ ಇಬ್ಬರದೂ 22.3. ಮೈಯೊಳಗಿನ ಕೊಬ್ಬು ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ದೊಡ್ಡ ಗ್ರಂಥಗಳು ಮಾಡಲಾಗದ ಕೆಲಸವನ್ನು ಮಾಡುವ ಇಂಥ ಪುಟ್ಟ ಪುರಾವೆಗಳು ನನಗೆ ಬಹಳ ಇಷ್ಟ. ತಕ್ಕಡಿ ಸರಿ ಎಂದ ಮಾತ್ರಕ್ಕೆ ಒಳಗೂ ಎಲ್ಲ ಸರಿ ಎನ್ನಲಾಗದು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಹಾಗಾಗಿ ಮಕ್ಕಳ ಬೊಜ್ಜು ಎಂದರೆ ದಪ್ಪಗಿರುವ ಮಗುವಿನ ಸಮಸ್ಯೆ, ಅದನ್ನು ಡಯಟ್‌ಗೆ ಹಾಕಿದರೆ ಮುಗಿಯಿತು ಎಂಬ ಲೆಕ್ಕಾಚಾರವನ್ನು ನಾನು ಒಪ್ಪಲಾರೆ. ಸಣಕಲು ಅಣ್ಣನಿಗೆ ಚಿಪ್ಸ್ ಪೊಟ್ಟಣ, ಗುಂಡಗಿರುವ ತಂಗಿಗೆ ಸೌತೆಕಾಯಿ ಎಂದು ಒಂದೇ ಮನೆಯಲ್ಲಿ ಪಂಕ್ತಿಭೇದ ಮಾಡಿದರೆ ಇಬ್ಬರಿಗೂ ಅನ್ಯಾಯ. ಬದಲಾಗಬೇಕಾದದ್ದು ಇಡೀ ಮನೆಯ ರೂಢಿ.

ಇದು ಬರೀ ಸದಾಶಯದ ಮಾತಲ್ಲ ಎನ್ನುವುದಕ್ಕೆ ಇಸ್ರೇಲಿನ ಮೋರಿಯಾ ಗೋಲಾನ್ ನಡೆಸಿದ ಪ್ರಯೋಗವಿದೆ. 6ರಿಂದ 11 ವರ್ಷದೊಳಗಿನ, ಬೊಜ್ಜು ಬಂದಿದ್ದ 60 ಮಕ್ಕಳನ್ನು ಅವರು ಎರಡು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಮಕ್ಕಳಿಗೇ ತರಬೇತಿ. ಇನ್ನೊಂದರಲ್ಲಿ ಮಕ್ಕಳನ್ನು ಕರೆಯಲೇ ಇಲ್ಲ, ಅಪ್ಪ ಅಮ್ಮ ಮಾತ್ರ ಬಂದು ಕಲಿತರು: ಮನೆಗೆ ಏನು ತರಬೇಕು, ಏನು ತರಬಾರದು, ತಾವೇ ಹೇಗೆ ನಡೆದು ತೋರಿಸಬೇಕು. 1998ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅಧಿಕ ತೂಕದ ಪ್ರಮಾಣ ಮಕ್ಕಳೇ ಕಲಿತ ಗುಂಪಿನಲ್ಲಿ ಶೇ 8.1ರಷ್ಟು ಇಳಿದರೆ ಹೆತ್ತವರು ಕಲಿತ ಗುಂಪಿನಲ್ಲಿ ಶೇ 14.6ರಷ್ಟು ಇಳಿದಿತ್ತು. ಏಳು ವರ್ಷ ಕಳೆದ ಮೇಲೆ ನೋಡಿದಾಗಲೂ ಹೆತ್ತವರ ಗುಂಪೇ ಮುಂದಿತ್ತು. ಚಿಕ್ಕ ಪ್ರಯೋಗ, ಬೇರೆ ದೇಶ, ನಿಜ. ಆದರೂ ಚಿಕಿತ್ಸಕರ ಮುಖವನ್ನೇ ನೋಡದ ಮಕ್ಕಳು ಹೆಚ್ಚು ಸುಧಾರಿಸಿದರು ಎಂಬುದನ್ನು ಹಗುರವಾಗಿ ತಳ್ಳಿಹಾಕಲಾಗದು. ಏಳು ವರ್ಷದ ಮಗು ದಿನಸಿ ಚೀಟಿ ಬರೆಯುವುದಿಲ್ಲ, ಡಬ್ಬದಲ್ಲಿ ಏನಿದೆಯೋ ಅದನ್ನು ತಿನ್ನುತ್ತದೆ.

ಅಪೌಷ್ಟಿಕತೆಯ ದೇಶದಲ್ಲಿ ಬೊಜ್ಜಿನ ಮಾತೇಕೆ ಎಂಬ ಆಕ್ಷೇಪಕ್ಕೆ ತೂಕವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಶೇ 35.5ರಷ್ಟು ಮಕ್ಕಳ ಬೆಳವಣಿಗೆ ಕುಂಠಿತ, ಅಧಿಕ ತೂಕದವರು ಶೇ 3.4 ಮಾತ್ರ. ಆದರೆ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 2.1 ಇತ್ತು. ಮೈಸೂರಿನ ಅಳತೆಗಳು ಹೇಳುವಂತೆ ಕೊರತೆ ಮತ್ತು ಕೊಬ್ಬು ಒಂದೇ ಮೈಯಲ್ಲಿ ಕೂತಿರಬಲ್ಲವು. ಮೊಟ್ಟೆ, ಕಾಳು, ಸೊಪ್ಪು ಎರಡಕ್ಕೂ ಬೇಕು. ಸಕ್ಕರೆ ನೀರು ಎರಡಕ್ಕೂ ಬೇಡ. ವಂಶವಾಹಿಯ ಪಾಲನ್ನೂ ಅಲ್ಲಗಳೆಯುವಂತಿಲ್ಲ, ಆದರೆ ಮಗು ಅಪ್ಪನಿಂದ ಪಡೆಯುವುದು ಮೈಕಟ್ಟನ್ನಷ್ಟೇ ಅಲ್ಲ, ರಾತ್ರಿ ಹತ್ತಕ್ಕೆ ಟಿವಿ ಮುಂದೆ ಉಣ್ಣುವ ಅಭ್ಯಾಸವನ್ನೂ. ಇಬ್ಬರೂ ದುಡಿಯುವ ಮನೆಯಲ್ಲಿ ಇದೆಲ್ಲ ಆಗದ ಮಾತು ಎನ್ನುವವರ ಕಷ್ಟ ನಿಜವಾದದ್ದು. ಹಾಗೆಂದೇ ನಾನು ಹೊಸ ಅಡುಗೆ ಹೇಳುತ್ತಿಲ್ಲ. ಕೆಲವನ್ನು ಕೊಂಡು ತರದಿರುವುದಕ್ಕೆ ಸಮಯ ಬೇಕಿಲ್ಲ. ಹಾಲಿಗೆ ಬೆರೆಸುವ ಪುಡಿಗಳನ್ನೇ ನೋಡಿ. ಅವನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೆಯಿರಿ ಎಂದು 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು.

ಎಲ್ಲಕ್ಕಿಂತ ಕಠಿಣವಾದದ್ದು ಅಜ್ಜಿಯ ಕೈತುತ್ತು. ಹಸಿವು ಕಂಡ ತಲೆಮಾರಿಗೆ ಮೊಮ್ಮಗು ಸಾಕು ಎಂದಮೇಲೂ ಇನ್ನೊಂದು ತುತ್ತು ತುರುಕುವುದು ಪ್ರೀತಿಯೇ, ಅದನ್ನು ಅಜ್ಞಾನ ಎನ್ನುವುದು ತಪ್ಪು. ಆದರೆ ಮೊಬೈಲ್ ತೋರಿಸಿ ಬಾಯಿ ತೆರೆಸಿದಾಗ ಮಗುವಿಗೆ ತನ್ನ ಹೊಟ್ಟೆ ತುಂಬಿದ್ದೇ ತಿಳಿಯುವುದಿಲ್ಲ. ಏನು ಬಡಿಸಬೇಕು, ಯಾವಾಗ ಬಡಿಸಬೇಕು ಎಂಬುದು ಹಿರಿಯರ ತೀರ್ಮಾನವಾಗಿರಲಿ. ಎಷ್ಟು ಉಣ್ಣಬೇಕು ಎಂಬುದನ್ನು ಮಗುವಿಗೇ ಬಿಡಬೇಕು. ಅಜ್ಜಿಯೂ ಮೊಮ್ಮಗುವೂ ಒಂದೇ ಹೊತ್ತಿಗೆ, ಮೊಬೈಲ್ ಇಲ್ಲದೆ, ಅದೇ ಮುದ್ದೆ ಸೊಪ್ಪಿನ ಸಾರಿಗೆ ಕೂತರೆ ಕೈತುತ್ತಿಗೂ ಅಡ್ಡಿಯಿಲ್ಲ. ಮಗು ಮುಖ ತಿರುಗಿಸಿದಾಗ ಕೈ ನಿಂತರಾಯಿತು.